ಜೋಡಿಯ ಮೋಡಿ

ಜಾದೂಗಾರ ಒಬ್ಬನೇ ಬಂದು ನಿಂತರೆ ನೋಡುವವರಿಗೆ ಅಷ್ಟಿಷ್ಟು ಅಂಜಿಕೆ. ಅವನ ಬೆನ್ನ ಹಿಂದೆ ಪೆಚ್ಚು ಮೋರೆಯ ಜೊತೆಗಾರನೊಬ್ಬ ಬಂದು ನಿಂತನೆಂದರೆ ಅಂಜಿಕೆಯೆಲ್ಲ ನಗೆಯಾಗುತ್ತದೆ. ಮಂತ್ರದಂಡ ಒಬ್ಬನ ಕೈಯಲ್ಲಿ, ಮಂತ್ರ ಕೆಡಿಸುವ ಕೆಲಸ ಇನ್ನೊಬ್ಬನ ಪಾಲಿಗೆ. ಈ ಇಬ್ಬರಲ್ಲಿ ಯಾರು ಜಾಣ, ಯಾರು ಪೆದ್ದ ಎಂಬುದನ್ನು ಆಟ ಮುಗಿಯುವವರೆಗೂ ಹೇಳಲಾಗದು. ಮುಗಿದ ಮೇಲೂ ಹೇಳುವುದು ಕಷ್ಟವೇ.

ಕುಣಿಗಲ್ ತಾಲ್ಲೂಕಿನ ಯಡಿಯೂರು ಬೆಂಗಳೂರಿನಿಂದ ಹಾಸನಕ್ಕೆ ಹೋಗುವ ಹೆದ್ದಾರಿಯ ಮೇಲಿದೆ. ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆಗೆ ನಡೆದುಕೊಳ್ಳುವ ಭಕ್ತರು ಅಲ್ಲಿಗೆ ವರ್ಷವೆಲ್ಲ ಬರುತ್ತಾರೆ. ಯುಗಾದಿ ಕಳೆದ ಮೇಲೆ ತೇರಿನ ದಿನಗಳಲ್ಲಂತೂ ಕಾಲಿಡಲು ಎಡೆಯಿರುವುದಿಲ್ಲ. ಜಾತ್ರೆ ಎಂದ ಮೇಲೆ ದೇವರ ದರ್ಶನದಷ್ಟೇ ಜನರ ದರ್ಶನವೂ ಉಂಟು. ಬತ್ತಾಸು, ಬಳೆ, ತೊಟ್ಟಿಲುಗಳ ಸಾಲು ದಾಟಿದರೆ ನಮ್ಮ ಸೀಮೆಯ ಯಾವ ಜಾತ್ರೆಯಲ್ಲಾದರೂ ಹಿಂದೆ ಎರಡು ಬಗೆಯ ಆಟಗಳು ಸಿಗುತ್ತಿದ್ದವು. ಒಂದು ಬಯಲಿನಲ್ಲಿ ನೆಲದ ಮೇಲೆ ಆಡುವ ಕಣ್ಕಟ್ಟು. ಇನ್ನೊಂದು ಡೇರೆಯೊಳಗೆ ಚೀಟಿ ಕೊಂಡು ನೋಡುವ ನಾಟಕ. ನೋಡುವವರು ಇವನ್ನು ಬೇರೆ ಬೇರೆ ವಿದ್ಯೆಗಳೆಂದೇ ತಿಳಿದಿದ್ದರು. ಆದರೆ ಇವೆರಡೂ ಒಂದೇ ಬಸಿರಿನ ಮಕ್ಕಳು.

ಬಯಲಿನ ಆಟವನ್ನು ಮೊದಲು ನೋಡೋಣ. ಮೈಗೆ ಬೂದಿ ಬಳಿದು ಊರೂರು ಸುತ್ತುವ ಸುಡುಗಾಡು ಸಿದ್ಧರು ಬರಿಗೈಯಿಂದ ಏನೇನನ್ನೋ ಹುಟ್ಟಿಸಿ ತೋರಿಸುತ್ತಿದ್ದರು. ಅದು ಒಬ್ಬನ ಕೈಚಳಕ. ಮೋಡಿಯ ಆಟವಾದರೋ ಇಬ್ಬರಿಲ್ಲದೆ ನಡೆಯದು. ನೆಲದ ಮೇಲೆ ಒಂದು ವಸ್ತುವನ್ನಿಟ್ಟು ಮೋಡಿಗಾರ ಸವಾಲು ಹಾಕುತ್ತಾನೆ. ಎದುರಾಳಿ ಅದನ್ನೆತ್ತಿಕೊಳ್ಳಲು ಮುನ್ನುಗ್ಗುತ್ತಾನೆ. ಕಾಣದ ಪೆಟ್ಟು ತಿಂದವನಂತೆ ಬೀಳುತ್ತಾನೆ, ಹೊರಳುತ್ತಾನೆ, ಎದ್ದು ಮತ್ತೆ ನುಗ್ಗುತ್ತಾನೆ. ಮಂತ್ರ ಹಾಕುವವನ ಗಾಂಭೀರ್ಯವನ್ನೇ ಜನ ಮೆಚ್ಚಿ ಮಾತಾಡಿಕೊಳ್ಳುತ್ತಾರೆ. ಆದರೆ ಬೀಳುವವನು ಚೆನ್ನಾಗಿ ಬೀಳದಿದ್ದರೆ ಆ ಮಂತ್ರಕ್ಕೆ ಮೂರು ಕಾಸಿನ ಕಿಮ್ಮತ್ತೂ ಇಲ್ಲ. ಬಟ್ಟೆ ಹೊದ್ದು ಮಲಗಿ, ನೆರೆದವರ ಜೇಬಿನಲ್ಲಿ ಇರುವುದೇನೆಂದು ಹೇಳುವ ಹುಡುಗನದೂ ಇದೇ ಕಥೆ. ಗಾರುಡಿಗ ಕೇಳುವ ಪ್ರಶ್ನೆಯ ಪದಗಳಲ್ಲಿಯೇ ಉತ್ತರ ಅಡಗಿರುತ್ತದೆ. “ಬೇಗ ಹೇಳು” ಎಂದರೆ ಒಂದು, “ಸರಿಯಾಗಿ ಹೇಳು” ಎಂದರೆ ಇನ್ನೊಂದು ಎಂಬ ಒಳ ಒಪ್ಪಂದ. ಹುಡುಗ ನಡುವೆ ಬೇಕೆಂದೇ ಒಂದು ತಪ್ಪು ಉತ್ತರ ಕೊಟ್ಟು ಬೈಸಿಕೊಳ್ಳುತ್ತಾನೆ. ಜನ ನಗುತ್ತಾರೆ. ನಗುವಾಗ ಮನುಷ್ಯನಿಗೆ ಎಚ್ಚರವಿರುವುದಿಲ್ಲವಷ್ಟೆ! ಆ ಗಳಿಗೆಯಲ್ಲಿಯೇ ಗಾರುಡಿಗನ ಎಡಗೈ ತನ್ನ ಕೆಲಸವನ್ನು ಮುಗಿಸಿಬಿಟ್ಟಿರುತ್ತದೆ.

ಇನ್ನು ಡೇರೆಯ ನಾಟಕ. ಇದಕ್ಕೆ ಯಡಿಯೂರಿನ ಉತ್ತರಕ್ಕಿರುವ ಗುಬ್ಬಿಯನ್ನು ನೆನೆಯದೆ ಗತಿಯಿಲ್ಲ. ಸಿದ್ಧಲಿಂಗೇಶ್ವರರ ಗುರುಗಳು ಗೋಸಲ ಚನ್ನಬಸವೇಶ್ವರರು. ಗುಬ್ಬಿಯ ದೇವಸ್ಥಾನ ಅವರದು. ಆ ಚನ್ನಬಸವೇಶ್ವರರ ಹೆಸರಿನಲ್ಲಿಯೇ 1884ರಲ್ಲಿ ಗುಬ್ಬಿಯ ನಾಟಕ ಸಂಘ ಹುಟ್ಟಿತು. ಶಿಷ್ಯರ ಊರಿನಲ್ಲಿ ತೇರು, ಗುರುಗಳ ಊರಿನಲ್ಲಿ ನಾಟಕ! ಮುಂದೆ ಆ ಸಂಘವನ್ನು ಕನ್ನಡ ನಾಡಿನ ಮನೆಮಾತಾಗಿಸಿದ ಗುಬ್ಬಿ ವೀರಣ್ಣನವರು ದೊಡ್ಡ ರಾಜಪಾತ್ರಗಳಿಂದ ಹೆಸರಾದವರಲ್ಲ, ಅವರು ಹಾಸ್ಯನಟರು. ‘ಸದಾರಮೆ’ಯ ಕಳ್ಳನಾಗಿ ಅವರು ರಂಗಕ್ಕೆ ಬಂದರೆಂದರೆ ರಾಜಕುಮಾರನನ್ನು ಕೇಳುವವರಿರಲಿಲ್ಲ. ಸಂಘದ ಒಡೆಯನೇ ಕಳ್ಳನ ವೇಷ ಹಾಕಿ ಜನರನ್ನು ನಗಿಸಿದ್ದು ನಮ್ಮ ರಂಗಭೂಮಿಯ ದೊಡ್ಡ ವಿನೋದಗಳಲ್ಲೊಂದು.

ಕಂಪನಿ ನಾಟಕದಲ್ಲಿ ಹಾಸ್ಯ ದೃಶ್ಯಗಳು ಏಕಿದ್ದವು? ಕಥೆಗೂ ಅವಕ್ಕೂ ಸಂಬಂಧವಿಲ್ಲವೆಂದು ವಿದ್ವಾಂಸರು ಮೂಗು ಮುರಿದದ್ದುಂಟು. ಅವರು ಪರದೆಯ ಮುಂದಿನದನ್ನು ಮಾತ್ರ ನೋಡಿದವರು. ಕಂಪನಿ ನಾಟಕದಲ್ಲಿ ಅರಮನೆ, ಕಾಡು, ಕೈಲಾಸಗಳೆಲ್ಲ ಒಂದೇ ರಾತ್ರಿಯಲ್ಲಿ, ಒಂದೇ ಮಣೆಯ ಮೇಲೆ ಬಂದು ಹೋಗಬೇಕು. ಹಿಂದೆ ಕೈಲಾಸವನ್ನು ನಿಲ್ಲಿಸಲು ಬಡಗಿಗಳಿಗೆ ಹತ್ತು ನಿಮಿಷ ಬೇಕು. ಅದಕ್ಕಾಗಿ ಮುಂದೆ ಬೀದಿಯ ಪರದೆ ಇಳಿಯುತ್ತದೆ. ಅದರ ಮುಂದಿನ ಕಿರಿದಾದ ಜಾಗದಲ್ಲಿ ಇಬ್ಬರು ಹಾಸ್ಯಗಾರರು ಜಗಳವಾಡುತ್ತಾರೆ. ಹಿಂದಿನಿಂದ ಸುತ್ತಿಗೆಯ ಸದ್ದು ಕೇಳಿದರೆ ಅದು ಮುಳುಗುವಂತೆ ಗಟ್ಟಿಯಾಗಿ ಬೈದಾಡುತ್ತಾರೆ. ಕೆಲಸ ಮುಗಿಯದಿದ್ದರೆ ಜಗಳವನ್ನು ಎಳೆಯುತ್ತಾರೆ. ಮುಗಿದ ಸೂಚನೆ ಬಂದೊಡನೆ ಒಬ್ಬನನ್ನೊಬ್ಬ ಅಟ್ಟಿಸಿಕೊಂಡು ಒಳಕ್ಕೆ ಓಡುತ್ತಾರೆ. ಪರದೆ ಮೇಲೇರುತ್ತದೆ. ಬೆಟ್ಟ ಸೀಳಿ ಶಿವ ಬರುತ್ತಾನೆ, ಟ್ರಿಕ್ ಸೀನಿಗೆ ಜನ ಚಪ್ಪಾಳೆ ತಟ್ಟುತ್ತಾರೆ. ಪವಾಡದ ಕೀರ್ತಿ ಶಿವನಿಗೂ ಸೀನರಿಯವನಿಗೂ ಹೋಯಿತು. ಪವಾಡ ನಡೆಯುವಾಗ ಪ್ರೇಕ್ಷಕರ ಕಣ್ಣನ್ನು ಕಟ್ಟಿ ಹಾಕಿದವರು ಬೆವರೊರೆಸಿಕೊಂಡು ಒಳಗೆ ಬೀಡಿ ಹಚ್ಚುತ್ತಿದ್ದರು. ಗಾರುಡಿಗನ ಹುಡುಗ ಮಾಡುತ್ತಿದ್ದ ಕೆಲಸ ಇದಲ್ಲದೆ ಬೇರೆಯೇನು?

ಈ ಬೀದಿ ಪರದೆಯ ಮುಂದೆ ಪಳಗಿದ ಇಬ್ಬರು ಮುಂದೆ ಬೆಳ್ಳಿತೆರೆಯಲ್ಲಿ ಕನ್ನಡಿಗರ ಮೆಚ್ಚಿನ ಜೋಡಿಯಾದರು. ಒಬ್ಬರು ತಿಪಟೂರಿನ ನರಸಿಂಹರಾಜು. ಇನ್ನೊಬ್ಬರು ಅರಸೀಕೆರೆಯ ಬಾಲಕೃಷ್ಣ. ಗುಬ್ಬಿ, ತಿಪಟೂರು, ಅರಸೀಕೆರೆ, ಈ ಮೂರೂ ಒಂದೇ ರೈಲು ದಾರಿಯ ಮೇಲಿನ ಊರುಗಳು. ತೆಂಗಿನ ಸೀಮೆಯ ಆ ಹಳಿಯ ಮೇಲೆ ಕೊಬ್ಬರಿಯ ಮೂಟೆಗಳ ಜೊತೆಯಲ್ಲಿ ಕನ್ನಡದ ಎಷ್ಟು ನಗೆ ಸಾಗಿಹೋಯಿತೋ ರೈಲ್ವೆಯವರ ಲೆಕ್ಕದಲ್ಲಿ ಸಿಕ್ಕದು.

ನರಸಿಂಹರಾಜು ಹುಟ್ಟಿದ್ದು 1923ರಲ್ಲಿ. ನಾಲ್ಕನೆಯ ವಯಸ್ಸಿಗೇ ಸಿ. ಬಿ. ಮಲ್ಲಪ್ಪನವರ ಚಂದ್ರಮೌಳೇಶ್ವರ ನಾಟಕ ಸಭೆಯಲ್ಲಿ ಬಣ್ಣ ಹಚ್ಚಿದರು. ಇತರ ಮಕ್ಕಳು ಓನಾಮ ತಿದ್ದುವ ಪ್ರಾಯದಲ್ಲಿ ಅವರು ಸಾವಿರಾರು ಕಣ್ಣುಗಳ ಮುಂದೆ ನಿಲ್ಲುವುದನ್ನು ಕಲಿತರು. ಕಂಪನಿಯಿಂದ ಕಂಪನಿಗೆ ಅಲೆದರು. 1954ರಲ್ಲಿ ಗುಬ್ಬಿ ಕರ್ನಾಟಕ ಸಂಸ್ಥೆಯ ‘ಬೇಡರ ಕಣ್ಣಪ್ಪ’ ಚಿತ್ರದಲ್ಲಿ ರಾಜ್‌ಕುಮಾರ್ ನಾಯಕರಾಗಿ ಮೊದಲ ಬಾರಿಗೆ ತೆರೆಗೆ ಬಂದಾಗ ನರಸಿಂಹರಾಜುವಿಗೂ ಅದೇ ಮೊದಲ ಚಿತ್ರ. ಆ ವೇಳೆಗೆ ಅವರ ಬೆನ್ನಿಗೆ ರಂಗಭೂಮಿಯ ಇಪ್ಪತ್ತೇಳು ವರ್ಷದ ಮೂಟೆಯಿತ್ತು. ಸಣಕಲು ದೇಹ, ಮುಂಚಾಚಿದ ಹಲ್ಲು, ಅಳುವಾಗಲೂ ನಗುತ್ತಿರುವಂತೆ ಕಾಣುವ ಮುಖ. ಸುಂದರಾಂಗರ ಲೋಕವೆಂದು ಹೆಸರಾದ ಚಿತ್ರರಂಗದಲ್ಲಿ ಆ ಹಲ್ಲುಗಳೇ ಅವರ ಆಸ್ತಿಯಾದವು. ಚಿತ್ರ ತೆಗೆಯಹೊರಟವರು ಮೊದಲು ನರಸಿಂಹರಾಜುವಿನ ಕಾಲ್‌ಷೀಟು ಪಡೆದು, ಆಮೇಲೆ ನಾಯಕನ ಮನೆಗೆ ಹೋಗುತ್ತಿದ್ದರೆಂಬ ಮಾತು ಗಾಂಧಿನಗರದಲ್ಲಿ ಇಂದಿಗೂ ಉಳಿದಿದೆ.

ಬಾಲಕೃಷ್ಣ ಹಿರಿಯರು. 1943ರ ‘ರಾಧಾರಮಣ’ದಲ್ಲಿಯೇ ತೆರೆಗೆ ಬಂದವರು. ಜಿ. ವಿ. ಅಯ್ಯರ್ ಅವರೂ ಬಂದದ್ದು ಆ ಚಿತ್ರದಲ್ಲೇ. ಮುಂದೆ ನಾಡೆಲ್ಲ ಅವರನ್ನು ‘ಬಾಲಣ್ಣ’ ಎಂದು ಕರೆಯಿತು. ಈ ಬಾಲಣ್ಣನವರಿಗೆ ಕಿವಿ ಕೇಳುತ್ತಿರಲಿಲ್ಲ.

ಓದುಗರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕುರುಡನೊಬ್ಬ ಹಾಡಬಲ್ಲ, ಕುಂಟನೊಬ್ಬ ಬರೆಯಬಲ್ಲ, ಆದರೆ ಹಾಸ್ಯನಟನ ಜೀವವೆಲ್ಲ ಕಿವಿಯಲ್ಲಿದೆ. ಎದುರಿನವನ ಮಾತು ಮುಗಿಯುವ ಮುನ್ನ ಬಾಯಿ ಹಾಕಿದರೆ ನಗೆ ಸತ್ತಿತು. ಮುಗಿದು ಅರೆ ಗಳಿಗೆ ಕಳೆದ ಮೇಲೆ ಹಾಕಿದರೂ ಸತ್ತಿತು. ಸಭೆಯ ನಗೆ ಏರಿ ಇಳಿಯುವುದನ್ನು ಕೇಳಿಸಿಕೊಂಡೇ ಮುಂದಿನ ಮಾತನ್ನು ಬಿಡಬೇಕು. ಬಾಲಣ್ಣ ಇದನ್ನು ಸಾಧಿಸಿದ ಬಗೆ ಕೇಳಿದರೆ ಬೆರಗಾಗುತ್ತದೆ. ಅವರು ತಮ್ಮ ಮಾತನ್ನಲ್ಲದೆ ದೃಶ್ಯದಲ್ಲಿರುವವರೆಲ್ಲರ ಮಾತನ್ನೂ ಬಾಯಿಪಾಠ ಮಾಡಿಕೊಳ್ಳುತ್ತಿದ್ದರು. ಎದುರು ನಿಂತವನ ತುಟಿಯ ಚಲನೆಯನ್ನು ಕಣ್ಣಿನಲ್ಲಿ ಹಿಡಿದು ಸರಿಯಾದ ಗಳಿಗೆಗೆ ತಮ್ಮ ಮಾತನ್ನು ಎಸೆಯುತ್ತಿದ್ದರು. ತೆರೆಯ ಮೇಲೆ ಅವರು ಎದುರಿನವನ ಮುಖವನ್ನು ಹಾಗೆ ನೆಟ್ಟು ನೋಡುವುದನ್ನು ಕಂಡು ಪ್ರೇಕ್ಷಕರು, ಎಂಥ ಕಪಟಿ ಇವನು, ಹೇಗೆ ಅಳೆದು ನೋಡುತ್ತಾನೆ ಎಂದುಕೊಂಡರು. ಕೊರತೆಯೇ ಪಾತ್ರದ ಗುಣವಾಗಿ ಕಂಡಿತು. ಕಣ್ಕಟ್ಟು ಎಂಬ ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಗಾರುಡಿಗರ ನಡುವೆ ಹುಡುಕಿದರೂ ಸಿಕ್ಕುವುದು ಅನುಮಾನ.

ಇವರಿಬ್ಬರೂ ಕೂಡಿದಾಗ ಪಾತ್ರಗಳು ತಾವಾಗಿಯೇ ಹಂಚಿಹೋಗುತ್ತಿದ್ದವು. ಬಾಲಣ್ಣ ಸಾಮಾನ್ಯವಾಗಿ ಜಿಪುಣ, ಕುತಂತ್ರಿ, ಅತಿ ಬುದ್ಧಿವಂತ. ಎಳೆದೆಳೆದು ಆಡುವ ಮಾತಿನ ಹಿಂದೆ ಏನೋ ಹೊಂಚು. ನರಸಿಂಹರಾಜು ಆ ಹೊಂಚಿಗೆ ಬೀಳುವ ಮುಗ್ಧ. ಆದರೆ ಬಿದ್ದವನು ಹೊಂಚು ಹಾಕಿದವನನ್ನೂ ಎಳೆದುಕೊಂಡೇ ಬೀಳುತ್ತಿದ್ದ. ಒಬ್ಬರದು ನಿಂತ ನೀರಿನ ನಟನೆ, ಇನ್ನೊಬ್ಬರದು ಹರಿಯುವ ನೀರಿನದು. ನರಸಿಂಹರಾಜುವಿನ ಕೈಕಾಲುಗಳು ಸುಮ್ಮನಿರುತ್ತಿರಲಿಲ್ಲ. ಬಾಲಣ್ಣನವರ ಹುಬ್ಬೊಂದು ಅಲುಗಿದರೆ ಸಾಕಾಗಿತ್ತು. ನಮ್ಮ ವಿಮರ್ಶಕರು ನರಸಿಂಹರಾಜುವಿಗೆ ಚಾಪ್ಲಿನ್ನನನ್ನು ಹೋಲಿಸುವುದುಂಟು. ಹೋಲಿಕೆ ತಪ್ಪಲ್ಲ, ಆದರೆ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ತುಮಕೂರು ಸೀಮೆಯ ಮೂಡಲಪಾಯದ ಕೋಡಂಗಿಗೂ ಅವರಿಗೂ ಇರುವ ರಕ್ತಸಂಬಂಧ ಚಾಪ್ಲಿನ್ನನದಕ್ಕಿಂತ ಹತ್ತಿರದ್ದು.

ಜೋಡಿ ಎಂದರೆ ತೆರೆಯ ಮೇಲಿನದಷ್ಟೇ ಅಲ್ಲ. 1950ರ ದಶಕದ ಕೊನೆಗೆ ಕನ್ನಡ ಚಿತ್ರಗಳು ವರ್ಷಕ್ಕೆ ಬೆರಳೆಣಿಕೆಯಷ್ಟು. ಕಲಾವಿದರಿಗೆ ಕೈತುಂಬ ಕೆಲಸವಿಲ್ಲ. ಆಗ ರಾಜ್‌ಕುಮಾರ್, ಜಿ. ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಈ ನಾಲ್ವರು ಕನ್ನಡ ಚಲನಚಿತ್ರ ಕಲಾವಿದರ ಸಂಘವನ್ನು ಕಟ್ಟಿದರು. ತೆರೆಯಿಂದ ಮರಳಿ ರಂಗಕ್ಕಿಳಿದು, ಊರೂರಿನಲ್ಲಿ ನಾಟಕವಾಡಿದರು. ಆ ಸಂಘದ ಹೆಸರಿನಲ್ಲಿ 1960ರಲ್ಲಿ ‘ರಣಧೀರ ಕಂಠೀರವ’ ತೆರೆಗೆ ಬಂದಿತು. ನಾಲ್ವರು ಪಾಲುದಾರರಲ್ಲಿ ಇಬ್ಬರು ಹಾಸ್ಯಗಾರರು ಎಂಬುದನ್ನು ಗಮನಿಸಬೇಕು. ಜನರನ್ನು ನಗಿಸುವವರು ತಮ್ಮ ಸ್ವಂತ ದುಡಿಮೆಯನ್ನು ಪಣಕ್ಕಿಡುವಾಗ ನಕ್ಕಿರಲಾರರು.

ಇದೇ ಕಾಲಕ್ಕೆ ಸ್ವಲ್ಪ ಮುಂದೆ, ಭೂಮಿಯ ಆಚೆ ಬದಿಯಲ್ಲಿ ಇನ್ನೊಂದು ಜೋಡಿ ಹುಟ್ಟಿತು. ಅದು ಅಪ್ಪಟ ಜಾದೂ ಜೋಡಿ. ಅಮೆರಿಕದ ಮಿನಸೋಟದಲ್ಲಿ 1975ರ ಆಗಸ್ಟ್ 19ರಂದು ಹಳೆಯ ಕಾಲದ ಜಾತ್ರೆಯ ಮಾದರಿಯಲ್ಲಿ ನಡೆದ ಉತ್ಸವವೊಂದರಲ್ಲಿ ಪೆನ್ ಜಿಲೆಟ್ ಮತ್ತು ಟೆಲ್ಲರ್ ಎಂಬಿಬ್ಬರು ಮೊದಲ ಬಾರಿಗೆ ಒಟ್ಟಿಗೆ ಆಟ ತೋರಿಸಿದರು. ಜಾದೂವಿನ ಹುಟ್ಟು ಎಲ್ಲಿ ಹೋದರೂ ಜಾತ್ರೆಯೇ! ಪೆನ್ ಆರೂವರೆ ಅಡಿಯ ಆಳು, ಮಾತಿನ ಮಳೆ. ಟೆಲ್ಲರ್ ಕುಳ್ಳ, ರಂಗದ ಮೇಲೆ ತುಟಿ ಬಿಚ್ಚುವುದಿಲ್ಲ. ಜಾದೂವಿಗೆ ಬರುವ ಮೊದಲು ಆತ ಪ್ರೌಢಶಾಲೆಯಲ್ಲಿ ಲ್ಯಾಟಿನ್ ಭಾಷೆಯ ಮೇಷ್ಟರಾಗಿದ್ದನಂತೆ. ದಿನವೆಲ್ಲ ಹುಡುಗರೆದುರು ಕೂಗಿದವನು ಉಳಿದ ಆಯುಷ್ಯಕ್ಕೆ ಮೌನವನ್ನು ಆರಿಸಿಕೊಂಡದ್ದು ಪಾಠ ಹೇಳುವವರಿಗೆಲ್ಲ ಅರ್ಥವಾಗುವ ಸಂಗತಿ.

ಬಟ್ಟಲು ಮತ್ತು ಚೆಂಡಿನ ಆಟ ಲೋಕದ ಹಳೆಯ ಕಣ್ಕಟ್ಟುಗಳಲ್ಲೊಂದು. ಮೂರು ಬಟ್ಟಲು ಕವುಚಿ, ಒಂದರಡಿಯ ಚೆಂಡನ್ನು ಇನ್ನೊಂದರಡಿಯಲ್ಲಿ ತೋರಿಸುವುದು. ನಮ್ಮ ಬೀದಿಗಳಲ್ಲೂ ಇದುಂಟು. ಪೆನ್ ಮತ್ತು ಟೆಲ್ಲರ್ ಅದನ್ನು ಪಾರದರ್ಶಕ ಬಟ್ಟಲುಗಳಲ್ಲಿ ಆಡಿ ತೋರಿಸಿದರು. ಚೆಂಡು ಎಲ್ಲಿಂದ ಬಂತು, ಯಾವ ಕೈ ಎಲ್ಲಿಗೆ ಹೋಯಿತು ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ಆದರೂ ಟೆಲ್ಲರನ ಬೆರಳಿನ ವೇಗಕ್ಕೆ ಕಣ್ಣು ಸೋಲುತ್ತದೆ. ಗುಟ್ಟು ಬಿಟ್ಟುಕೊಟ್ಟ ಮೇಲೂ ಮೋಡಿ ಉಳಿಯಿತು. 1985ರಲ್ಲಿ ನ್ಯೂಯಾರ್ಕಿನ ರಂಗಮಂದಿರಕ್ಕೆ ಬಂದರು. 2001ರಿಂದ ಲಾಸ್ ವೇಗಸ್ಸಿನ ಒಂದೇ ಹೋಟೆಲಿನಲ್ಲಿ ನೆಲೆ ನಿಂತರು. 2025ಕ್ಕೆ ಜೋಡಿಗೆ ಐವತ್ತು ತುಂಬಿತು. ತಾವು ಸ್ನೇಹಿತರಲ್ಲ, ಕಸುಬಿನ ಪಾಲುದಾರರೆಂದು ಅವರೇ ಹೇಳಿಕೊಳ್ಳುವುದುಂಟು. ಗಂಡ ಹೆಂಡಿರ ನಡುವೆಯೂ ಐವತ್ತು ವರ್ಷ ಬಾಳುವ ಸೂತ್ರ ಇದೇ ಇರಬಹುದೆಂದು ಯಾರಾದರೂ ವಾದಿಸಿದರೆ ಅದಕ್ಕೆ ಈ ಅಂಕಣ ಹೊಣೆಯಲ್ಲ.

ಅಲ್ಲಿ ಒಬ್ಬ ಮಾತಾಡದವನು, ಇಲ್ಲಿ ಒಬ್ಬರು ಕೇಳದವರು. ಅಲ್ಲಿಯ ಮೌನ ಬೇಕೆಂದು ತೊಟ್ಟದ್ದು, ಮುಖವಾಡದಂತೆ ರಾತ್ರಿ ಕಳಚಿಡಬಹುದಾದದ್ದು. ಬಾಲಣ್ಣನವರ ಮೌನ ಹಾಗಲ್ಲ. ಅದು ಮನೆಗೂ ಹಿಂಬಾಲಿಸಿ ಬರುತ್ತಿತ್ತು. ಅಮೆರಿಕದವರಿಗೆ ಸಿಕ್ಕ ಇನ್ನೊಂದು ಸೌಲಭ್ಯವೆಂದರೆ ಅವರ ಜೋಡಿ ಅವರದೇ ಸೊತ್ತು. ಆಟದ ಹೆಸರೇ ಅವರ ಹೆಸರು. ನಮ್ಮ ಜೋಡಿಯಾದರೋ ಯಾರದೋ ಕಥೆಯ ನಡುವೆ ಹತ್ತು ನಿಮಿಷ ಬಾಡಿಗೆಗೆ ಇದ್ದದ್ದು. ಚಿತ್ರದ ಜಾಹೀರಾತಿನಲ್ಲಿ ನಾಯಕ ನಾಯಕಿಯರ ಕೆಳಗೆ ಅವರಿಗೆ ಎಡೆ. ಬೀದಿ ಪರದೆಯ ಮುಂದೆ ನಿಂತವರ ಹಣೆಬರಹ ತೆರೆಗೆ ಬಂದರೂ ಪೂರ್ತಿ ಬದಲಾಗಲಿಲ್ಲ.

ಇಬ್ಬರೂ ಅದನ್ನು ಬದಲಿಸಲು ತಮ್ಮ ತಮ್ಮ ರೀತಿಯಲ್ಲಿ ಹೆಣಗಿದರು. ನರಸಿಂಹರಾಜು 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ನಕ್ಷತ್ರಿಕನಾಗಿ, ಹಾಸ್ಯದವನೂ ಕಥೆಯ ಬೆನ್ನೆಲುಬಾಗಬಲ್ಲನೆಂದು ತೋರಿಸಿದರು; 1974ರಲ್ಲಿ ತಾವೇ ನಿರ್ಮಾಪಕರಾಗಿ ‘ಪ್ರೊಫೆಸರ್ ಹುಚ್ಚೂರಾಯ’ವನ್ನು ತೆಗೆದು ಶೀರ್ಷಿಕೆಯ ಪಾತ್ರವನ್ನೇ ವಹಿಸಿದರು. ಬಾಲಣ್ಣನವರ ಕನಸು ಇನ್ನೂ ದೊಡ್ಡದು. ಕನ್ನಡ ಚಿತ್ರಗಳು ಮದರಾಸಿನ ಸ್ಟುಡಿಯೋಗಳ ಬಾಗಿಲು ಕಾಯುತ್ತಿದ್ದ ಕಾಲ ಅದು. ಕನ್ನಡದ ಮಣ್ಣಿನಲ್ಲಿಯೇ ಸ್ಟುಡಿಯೋ ಆಗಬೇಕೆಂದು ಅವರು ಕೆಂಗೇರಿಯ ಬಳಿ ಸರ್ಕಾರದಿಂದ ದೊರೆತ 20 ಎಕರೆ ಜಮೀನಿನಲ್ಲಿ ‘ಅಭಿಮಾನ್’ ಸ್ಟುಡಿಯೋ ಕಟ್ಟಿದರು. ಗಳಿಸಿದ್ದೆಲ್ಲ ಅದಕ್ಕೆ ಹೋಯಿತು, ಸಾಲ ಬೆಳೆಯಿತು, ಸ್ಟುಡಿಯೋ ಅವರೆಣಿಸಿದಂತೆ ಬೆಳೆಯಲಿಲ್ಲ. ಜಿಪುಣನ ಪಾತ್ರಕ್ಕೆ ಹೆಸರಾದವರು ಕೈಬಿಚ್ಚಿ ಕಳೆದುಕೊಂಡರು. 2009ರ ಡಿಸೆಂಬರ್ 30ರಂದು ತೀರಿಕೊಂಡ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ನಡೆದದ್ದು ಆ ಸ್ಟುಡಿಯೋದ ಆವರಣದಲ್ಲಿಯೇ. ಹೊಸ ತಲೆಮಾರಿನವರು ಆ ಜಾಗದ ಹೆಸರು ಬಲ್ಲದ್ದು ಆ ಕಾರಣದಿಂದ. ಅದನ್ನು ಕಟ್ಟಿದವರಾರೆಂದು ಕೇಳಿದರೆ ಹೇಳಬಲ್ಲವರು ಕಡಿಮೆ.

ಜೋಡಿ ಕಲಾವಿದರ ಬದುಕಿನಲ್ಲಿ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಒಬ್ಬರು ಹೋದ ಮೇಲೆ ಉಳಿದವರದು. ಲಾರೆಲ್ ಮತ್ತು ಹಾರ್ಡಿ ಎಂಬ ಜಗತ್ಪ್ರಸಿದ್ಧ ಹಾಸ್ಯ ಜೋಡಿಯಲ್ಲಿ ಹಾರ್ಡಿ 1957ರಲ್ಲಿ ತೀರಿಕೊಂಡ. ಲಾರೆಲ್ 1965ರವರೆಗೂ ಬದುಕಿದ್ದ. ಕರೆಗಳೇನೋ ಬಂದವು, ಆದರೆ ಗೆಳೆಯನಿಲ್ಲದೆ ಆತ ಮತ್ತೆ ನಟಿಸಲಿಲ್ಲ. ಲೋಕ ಆ ನಿಷ್ಠೆಯನ್ನು ಕೊಂಡಾಡಿತು. ಕೊಂಡಾಡುವಂಥದೇ ಸರಿ. ಆದರೆ ಎಲ್ಲರಿಗೂ ಆ ಭಾಗ್ಯವಿರುವುದಿಲ್ಲ.

ನರಸಿಂಹರಾಜು 1979ರ ಜುಲೈ 11ರಂದು ಕಾಲವಾದರು. ಅರವತ್ತೂ ತುಂಬಿರಲಿಲ್ಲ. ಇನ್ನೂರೈವತ್ತಕ್ಕೂ ಮೇಲ್ಪಟ್ಟ ಚಿತ್ರಗಳಲ್ಲಿ ನಗಿಸಿದವರು ನಾಡನ್ನು ಅಳಿಸಿದ್ದು ಅದೊಂದು ಸಲ. ಬಾಲಣ್ಣನವರಿಗೆ ಲಾರೆಲ್ಲನಂತೆ ಮನೆಯಲ್ಲಿ ಕೂರಲು ಸಾಧ್ಯವಿರಲಿಲ್ಲ. ಅವರು ಮತ್ತೆ ಹದಿನಾರು ವರ್ಷ ಬದುಕಿದರು. ಹಾಸ್ಯದ ಕಟ್ಟಿಗೆ ಸೇರದ ಪಾತ್ರಗಳು ಅವರಿಗೆ ಮೊದಲಿನಿಂದಲೂ ಒಗ್ಗಿದ್ದವು. 1972ರ ‘ಬಂಗಾರದ ಮನುಷ್ಯ’ದ ರಾಚೂಟಪ್ಪನನ್ನು ಮರೆತವರಾರು? ಮುಂದೆ ತಂದೆಯಾಗಿ, ತಾತನಾಗಿ, ಊರ ಹಿರಿಯನಾಗಿ, ಖಳನಾಗಿ ನೂರಾರು ಚಿತ್ರಗಳಲ್ಲಿ ಅವರು ಕಾಣಿಸಿಕೊಂಡರು. ಅವರ ಚಿತ್ರಗಳ ಲೆಕ್ಕ ಐನೂರನ್ನು ದಾಟಿತು.

ಹಳೆಯ ಜೊತೆಗಾರನ ತುಟಿಗಳನ್ನು ಓದುವುದಕ್ಕೆ ಅವರಿಗೆ ಶ್ರಮವಿರಲಿಲ್ಲ. ಇಪ್ಪತ್ತೈದು ವರ್ಷಗಳ ಪರಿಚಯ. ಎಲ್ಲಿ ನಿಲ್ಲುತ್ತಾನೆ, ಎಲ್ಲಿ ಓಡುತ್ತಾನೆ, ಯಾವ ಮಾತಿಗೆ ಹಲ್ಲು ಬಿಡುತ್ತಾನೆ ಎಂಬುದೆಲ್ಲ ಕಣ್ಣಿಗೆ ಕಂಠಪಾಠವಾಗಿತ್ತು. ಈಗ ಎದುರಿಗೆ ಬಂದು ನಿಂತವರು ದಿನಕ್ಕೊಬ್ಬ ಹೊಸಬರು, ಅವರ ಮಾತಿನ ವೇಗವೂ ಹೊಸದು. 1995ರ ಜುಲೈ 19ರಂದು ಕಣ್ಣು ಮುಚ್ಚುವ ತನಕ ಬಾಲಣ್ಣ ಪ್ರತಿ ಚಿತ್ರಕ್ಕೂ ಒಂದೊಂದು ಹೊಸ ಮುಖವನ್ನು ಮೊದಲಿನಿಂದ ಓದಲು ಕಲಿತರು.